ಹೋ ಚಿ ಮಿನ್ ನಗರಕ್ಕೆ ಬರುವವರಿಗೆ: ನಾಯಕರು ಬದಲಾದಾಗ ಬೀದಿಯಲ್ಲಿ ಬದಲಾಗುವುದು ಏನು?

ವಿಯೆಟ್ನಾಂನ ಹೋ ಚಿ ಮಿನ್ ನಗರದ ಸಂಬಾರ ಪದಾರ್ಥಗಳ ರಫ್ತು ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿದೆ, ಹೆಂಡತಿಯನ್ನೂ ಚಿಕ್ಕ ಮಗಳನ್ನೂ ಜೊತೆಗೆ ಕರೆತರಬಹುದೇ ಎಂದು ಕೇಳಿದ್ದೀರಿ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆಯನ್ನೂ ಇಟ್ಟಿದ್ದೀರಿ: ಒಂದೇ ಪಕ್ಷ ಆಳುವ ಆ ದೇಶದಲ್ಲಿ ಎರಡು ವರ್ಷದೊಳಗೆ ಇಷ್ಟೊಂದು ಮಂದಿ ನಾಯಕರು ಬಂದು ಹೋದರಂತೆ, ಮೇಲಿನವರು ಹೀಗೆ ಬದಲಾಗುತ್ತಿದ್ದರೆ ಕೆಳಗಿನವರ ದಿನನಿತ್ಯದ ಬದುಕು ಏರುಪೇರಾಗುವುದಿಲ್ಲವೇ ಎಂದು. ಸಕಲೇಶಪುರದಲ್ಲಿರುವ ನಿಮ್ಮ ತಂದೆಯವರು ‘ಕಮ್ಯುನಿಸ್ಟ್ ದೇಶಕ್ಕೆ ಸಂಸಾರ ಕಟ್ಟಿಕೊಂಡು ಹೋಗಬೇಡ’ ಎಂದು ಹಟ ಹಿಡಿದಿರುವುದನ್ನೂ ಬರೆದಿದ್ದೀರಿ. ಮೊದಲನೆಯ ಪ್ರಶ್ನೆಯ ಉತ್ತರ ಎರಡನೆಯದರ ಒಳಗೇ ಇರುವುದರಿಂದ ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ನಾನು ಇಲ್ಲಿಗೆ ಬಂದದ್ದು ನಾಂಗ್ ದುಕ್ ಮಾನ್ ಅವರು ಪಕ್ಷದ ಪ್ರಧಾನ ಕಾರ್ಯದರ್ಶಿಯಾಗಿದ್ದ ಕಾಲದ ಕೊನೆಯ ಭಾಗದಲ್ಲಿ. ಅವರ ನಂತರದ ಇಬ್ಬರನ್ನು ಕಣ್ಣಾರೆ ಕಂಡಿದ್ದೇನೆ, ಅವರಿಗಿಂತ ಹಿಂದಿನದನ್ನು ನೆರೆಹೊರೆಯವರ ಬಾಯಿಂದ ಕೇಳಿದ್ದೇನೆ.

ನೀವು ಓದಿದ ‘ಬಂದು ಹೋದ’ ನಾಯಕರ ವಿಷಯವನ್ನು ಮೊದಲು ಬಿಡಿಸಿಬಿಡೋಣ. ಇಲ್ಲಿ ನಿಜವಾದ ಅಧಿಕಾರ ಇರುವುದು ಕಮ್ಯುನಿಸ್ಟ್ ಪಕ್ಷದ ಪ್ರಧಾನ ಕಾರ್ಯದರ್ಶಿಯ ಕೈಯಲ್ಲಿ. ಅವರ ನಂತರ ರಾಷ್ಟ್ರಾಧ್ಯಕ್ಷರು, ಪ್ರಧಾನಿ ಮತ್ತು ರಾಷ್ಟ್ರೀಯ ಸಭೆಯ ಅಧ್ಯಕ್ಷರು ಬರುತ್ತಾರೆ. 2023ರ ಜನವರಿಯಲ್ಲಿ ರಾಷ್ಟ್ರಾಧ್ಯಕ್ಷ ನುಯೆನ್ ಶುವಾನ್ ಫುಕ್, 2024ರ ಮಾರ್ಚ್‌ನಲ್ಲಿ ಅವರ ಜಾಗಕ್ಕೆ ಬಂದಿದ್ದ ವೊ ವಾನ್ ತುವೊಂಗ್, ಅದಾದ ಕೆಲವೇ ವಾರಗಳಲ್ಲಿ ಸಭೆಯ ಅಧ್ಯಕ್ಷ ವುವೊಂಗ್ ದಿನ್ ಹ್ಯೂ, ಹೀಗೆ ಮೂವರು ಅವಧಿಗೆ ಮುಂಚೆಯೇ ಸ್ಥಾನ ಬಿಟ್ಟರು. ಈ ಮೂರೂ ಸುದ್ದಿಗಳು ನಮ್ಮ ಓಣಿಯಲ್ಲಿ ಫುಟ್‌ಬಾಲ್ ಪಂದ್ಯದಷ್ಟು ಕೂಡ ಚರ್ಚೆಯಾಗಲಿಲ್ಲ. 2024ರ ಜುಲೈ 19ರಂದು ಪ್ರಧಾನ ಕಾರ್ಯದರ್ಶಿ ನುಯೆನ್ ಫು ಟ್ರಾಂಗ್ ತೀರಿಕೊಂಡಾಗ ಮಾತ್ರ ವಾತಾವರಣ ಬೇರೆಯಾಗಿತ್ತು. ಎರಡು ದಿನ ರಾಷ್ಟ್ರೀಯ ಶೋಕಾಚರಣೆ ನಡೆಯಿತು, ಬಾರುಗಳಲ್ಲಿ ಸಂಗೀತ ನಿಂತಿತು, ಏಕೀಕರಣ ಭವನದ ಮುಂದೆ ಅಂತಿಮ ನಮನಕ್ಕೆ ಜನ ಸಾಲುಗಟ್ಟಿದರು. ಆಗಸ್ಟ್ 3ರಂದು ಟೊ ಲಾಮ್ ಆ ಸ್ಥಾನಕ್ಕೆ ಬಂದರು. ಅಂದು ಸಂಜೆ ನಮ್ಮ ಬೀದಿಯಲ್ಲಿ ಫೋ ಎಂಬ ನೂಡಲ್ ಸೂಪು ಮಾರುವ ಅಂಗಡಿಯಲ್ಲಿ ಬೆಲೆಯೂ ಬದಲಾಗಲಿಲ್ಲ, ಮಾತೂ ಬದಲಾಗಲಿಲ್ಲ. ನಮ್ಮಲ್ಲಿ ಚುನಾವಣೆಯ ಫಲಿತಾಂಶ ಬಂದ ರಾತ್ರಿ ಪಟಾಕಿ, ಮೆರವಣಿಗೆ, ಹೋಟೆಲಿನಲ್ಲಿ ವಾಗ್ವಾದ ಇರುತ್ತದಲ್ಲ, ಅದರ ಸುಳಿವೂ ಇಲ್ಲಿ ಸಿಗುವುದಿಲ್ಲ.

ಆದರೆ ಇದರಿಂದ ನಾಯಕ ಯಾರಾದರೂ ಒಂದೇ ಎಂಬ ತೀರ್ಮಾನಕ್ಕೆ ಬರಬೇಡಿ. ಬದಲಾವಣೆ ಆಗುತ್ತದೆ, ಅದು ನಾಯಕರ ಮುಖದ ಮೂಲಕ ಬರುವುದಿಲ್ಲ ಅಷ್ಟೆ. ಕೆಲವು ತಿಂಗಳು ಕಳೆದ ಮೇಲೆ ಒಂದು ಸಂಖ್ಯೆಯುಳ್ಳ ಸರ್ಕಾರಿ ಆದೇಶವಾಗಿ, ಅಥವಾ ವಾರ್ಡ್ ಕಚೇರಿಯ ಗುಮಾಸ್ತ ಕಾಗದಕ್ಕೆ ಸಹಿ ಹಾಕುವ ಇಲ್ಲವೇ ಹಾಕದಿರುವ ರೀತಿಯಾಗಿ ಅದು ಬೀದಿಗೆ ಇಳಿಯುತ್ತದೆ. ಇಲ್ಲಿ ವರ್ಷಗಟ್ಟಲೆ ಇದ್ದವರು ‘ನೂರರ ಕಾಲದಲ್ಲಿ’, ‘ನೂರ ಅರವತ್ತೆಂಟು ಬಂದ ಮೇಲೆ’ ಎಂದು ಮಾತನಾಡುವುದು ಆದೇಶಗಳ ಸಂಖ್ಯೆಯನ್ನು ಹಿಡಿದೇ ಹೊರತು ನಾಯಕರ ಹೆಸರನ್ನು ಹಿಡಿದಲ್ಲ.

ನಿಮ್ಮ ತಂದೆಯವರ ಮನಸ್ಸಿನಲ್ಲಿರುವ ಕಮ್ಯುನಿಸ್ಟ್ ದೇಶ ಸುಳ್ಳಲ್ಲ, ಆದರೆ ಅದು 1986ಕ್ಕಿಂತ ಹಿಂದಿನದು. ನಮ್ಮ ಮನೆಯೊಡತಿ ಎಪ್ಪತ್ತು ದಾಟಿದವರು, ಚೋಲೊನ್ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಮನೆತನದವರು. ಲೆ ಜುವಾನ್ ಅವರು ಪಕ್ಷದ ಚುಕ್ಕಾಣಿ ಹಿಡಿದಿದ್ದ ಆ ಕಾಲದಲ್ಲಿ, 1978ರ ಮಾರ್ಚ್‌ನಲ್ಲಿ ಖಾಸಗಿ ವ್ಯಾಪಾರವನ್ನು ನಿಲ್ಲಿಸುವ ಕಾರ್ಯಾಚರಣೆ ಸೈಗಾನಿನಲ್ಲಿ (ಈ ನಗರದ ಹಳೆಯ ಹೆಸರು, ಜನ ಈಗಲೂ ಬಳಸುವುದು) ನಡೆಯಿತು. ಅವರ ಅಂಗಡಿಯೊಳಗೆ ಯುವಕರ ತಂಡವೊಂದು ಬಂದು ಕುಳಿತು, ಥಾನು ಥಾನು ಬಟ್ಟೆಯನ್ನು ಎಣಿಸಿ ಪಟ್ಟಿ ಮಾಡಿ, ಬಾಗಿಲಿಗೆ ಮುದ್ರೆ ಹಾಕಿ ಹೋಯಿತಂತೆ. ಆ ಪಟ್ಟಿಯ ನಕಲನ್ನು ಅವರ ತಾಯಿ ಸಾಯುವವರೆಗೂ ಇಟ್ಟುಕೊಂಡಿದ್ದರಂತೆ. ಅದೇ ವರ್ಷ ಉತ್ತರ ಮತ್ತು ದಕ್ಷಿಣದ ನೋಟುಗಳನ್ನು ಒಂದು ಮಾಡಿದರು. 1985ರ ಸೆಪ್ಟೆಂಬರ್‌ನಲ್ಲಿ ಮತ್ತೊಮ್ಮೆ ನೋಟು ಬದಲಾಯಿಸಿದರು, ಹತ್ತು ಹಳೆಯ ದಾಂಗ್‌ಗೆ ಒಂದು ಹೊಸ ದಾಂಗ್ ಎಂದು. ಮರುವರ್ಷ ಬೆಲೆಯೇರಿಕೆ ಶೇ. 700ನ್ನು ದಾಟಿತು. ಇಲ್ಲಿನ ಹಿರಿಯರು ಇಂದಿಗೂ ಉಳಿತಾಯವನ್ನು ಚಿನ್ನದಲ್ಲಿ ಇಡುವುದು ಒಡವೆಯ ಆಸೆಗೆ ಮಾತ್ರವಲ್ಲ ಎಂಬುದು ಇದನ್ನು ತಿಳಿದವರಿಗೆ ಅರ್ಥವಾಗುತ್ತದೆ.

ಪಡಿತರದ ಆ ದಿನಗಳಲ್ಲಿ ಸರ್ಕಾರಿ ನೌಕರನಿಗೆ ತಿಂಗಳಿಗೆ 13 ಕೆ.ಜಿ. ಅಕ್ಕಿ ನಿಗದಿಯಾಗಿತ್ತು, ಅದರಲ್ಲೂ ಒಂದು ಪಾಲು ಬೇರೆ ಧಾನ್ಯವಾಗಿ ಬರುತ್ತಿತ್ತು. ಮಾಂಸಕ್ಕೆ, ಬಟ್ಟೆಗೆ, ಸೀಮೆಎಣ್ಣೆಗೆ ಬೇರೆ ಬೇರೆ ಚೀಟಿಗಳಿದ್ದವು. ಹನೋಯಿಯಲ್ಲಿ ಬೆಳಗಿನ ಜಾವವೇ ಸಾಲಿನಲ್ಲಿ ಒಂದು ಇಟ್ಟಿಗೆಯನ್ನು ತಮ್ಮ ಪರವಾಗಿ ಇಟ್ಟು ಜನ ಕೆಲಸಕ್ಕೆ ಹೋಗುತ್ತಿದ್ದರು. ಯಾರಾದರೂ ಮುಖ ಬಾಡಿಸಿಕೊಂಡು ಕುಳಿತರೆ ‘ಅಕ್ಕಿ ಪುಸ್ತಕ ಕಳೆದುಕೊಂಡವನಂತೆ ಕುಳಿತಿದ್ದಾನೆ’ ಎಂದು ವಿಯೆಟ್ನಾಮಿನವರು ಈಗಲೂ ಹೇಳುತ್ತಾರೆ. ರೇಷನ್ ಕಾರ್ಡ್ ಕಳೆದ ಮನೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವಿಚಿತ್ರವೆಂದರೆ ಆಗ ಅಕ್ಕಿ ಬೆಳೆಯುವ ಮೆಕಾಂಗ್ ಬಯಲು ಸೈಗಾನಿನಿಂದ ಕೆಲವೇ ಗಂಟೆಗಳ ದಾರಿಯಲ್ಲಿತ್ತು, ಆದರೆ ದಾರಿಯುದ್ದಕ್ಕೂ ತಪಾಸಣಾ ಠಾಣೆಗಳಿದ್ದವು, ಚೀಲದಲ್ಲಿ ನಾಲ್ಕು ಸೇರು ಅಕ್ಕಿ ಹೆಚ್ಚಿಗೆ ಸಿಕ್ಕರೂ ಕಿತ್ತುಕೊಳ್ಳುತ್ತಿದ್ದರು. ಆಗ ನಗರದ ಆಡಳಿತ ನೋಡುತ್ತಿದ್ದ ವೊ ವಾನ್ ಕಿಯೆತ್ ಅವರು ಮೇಲಿನ ನಿಯಮವನ್ನು ಬದಿಗಿಟ್ಟು, ರೈತರಿಗೆ ಮಾರುಕಟ್ಟೆಯ ಬೆಲೆ ಕೊಟ್ಟು ಅಕ್ಕಿ ತರಿಸುವ ವ್ಯವಸ್ಥೆ ಮಾಡಿದರು. ಇದಕ್ಕೆ ಇಲ್ಲಿ ‘ಬೇಲಿ ಮುರಿಯುವುದು’ ಎನ್ನುತ್ತಾರೆ. ಮುಂದೆ ಅವರು ಪ್ರಧಾನಿಯೂ ಆದರು. ಬೀದಿ ಮೊದಲು ಬದಲಾಗಿ ನಂತರ ನೀತಿ ಬದಲಾದ ಉದಾಹರಣೆ ಇದು, ಈ ದೇಶದ ಚರಿತ್ರೆಯಲ್ಲಿ ಅಂತಹವು ಇನ್ನೂ ಇವೆ.

1986ರ ಜುಲೈನಲ್ಲಿ ಲೆ ಜುವಾನ್ ತೀರಿಕೊಂಡರು. ಡಿಸೆಂಬರ್‌ನಲ್ಲಿ ನಡೆದ ಪಕ್ಷದ ಆರನೆಯ ಮಹಾಧಿವೇಶನ ‘ದೊಯ್ ಮೊಯ್’ ಎಂಬ ಸುಧಾರಣೆಯನ್ನು ಒಪ್ಪಿಕೊಂಡು ನುಯೆನ್ ವಾನ್ ಲಿನ್ ಅವರನ್ನು ಪ್ರಧಾನ ಕಾರ್ಯದರ್ಶಿಯಾಗಿ ಆರಿಸಿತು. ಅವರ ಕಾಲದಲ್ಲಿ ದಾರಿಯ ತಪಾಸಣಾ ಠಾಣೆಗಳು ಎದ್ದುಹೋದವು. 1988ರಲ್ಲಿ ಜಮೀನಿನ ಸಾಗುವಳಿ ಸಹಕಾರಿ ಸಂಘದಿಂದ ರೈತ ಕುಟುಂಬದ ಕೈಗೆ ಬಂತು. ಪಡಿತರದಲ್ಲಿ ಧಾನ್ಯ ಬೆರೆಸಿ ತಿನ್ನುತ್ತಿದ್ದ ದೇಶ 1989ರಲ್ಲಿ ಹತ್ತು ಲಕ್ಷ ಟನ್‌ಗೂ ಹೆಚ್ಚು ಅಕ್ಕಿಯನ್ನು ರಫ್ತು ಮಾಡಿತು. ಮನೆಯೊಡತಿ ಅದೇ ಹೊತ್ತಿಗೆ ಪೇಟೆಯಲ್ಲಿ ಒಂದು ಮಣೆ ಹಾಕಿಕೊಂಡು ಮತ್ತೆ ಬಟ್ಟೆ ಮಾರತೊಡಗಿದರು. ಬಾಗಿಲಿಗೆ ಮುದ್ರೆ ಹಾಕಿದ ಪಕ್ಷವೂ ಅದೇ, ವ್ಯಾಪಾರ ಮಾಡಿ ಎಂದದ್ದೂ ಅದೇ. ಇದರ ಬಗ್ಗೆ ಅವರಿಗೆ ಸಿಟ್ಟಿದೆಯೇ ಎಂದು ನಾನು ಕೇಳಿದ್ದುಂಟು, ಅವರು ಅದಕ್ಕೆ ಉತ್ತರ ಕೊಡದೆ ಆ ವರ್ಷದ ಬಟ್ಟೆಯ ದರ ಹೇಳಿದರು.

ಈ ಒಂದು ತಿರುವು ಸಕಲೇಶಪುರದ ನಿಮ್ಮ ತೋಟದವರೆಗೂ ಬಂದಿದೆ. ಮಧ್ಯ ಎತ್ತರಪ್ರದೇಶದ ಬುವೊನ್ ಮಾ ತುವೊತ್ ಸುತ್ತಮುತ್ತ ಸಣ್ಣ ಹಿಡುವಳಿದಾರರು ತೊಂಬತ್ತರ ದಶಕದಲ್ಲಿ ರೋಬಸ್ಟಾ ಕಾಫಿ ಹಾಕಿದ ವೇಗಕ್ಕೆ, ದಶಕ ಮುಗಿಯುವ ಹೊತ್ತಿಗೆ ವಿಯೆಟ್ನಾಂ ಕಾಫಿ ಬೆಳೆಯುವ ದೇಶಗಳಲ್ಲಿ ಬ್ರೆಜಿಲ್‌ನ ನಂತರದ ಸ್ಥಾನಕ್ಕೆ ಏರಿತ್ತು. 2001ರ ಆಸುಪಾಸಿನಲ್ಲಿ ಕಾಫಿ ಬೆಲೆ ನೆಲಕಚ್ಚಿದ್ದು ನಿಮ್ಮ ತಂದೆಯವರಿಗೆ ಖಂಡಿತ ನೆನಪಿರುತ್ತದೆ. ಕಾಳುಮೆಣಸಿನ ಕತೆಯೂ ಅದೇ. ಇಲ್ಲಿನ ಮೆಣಸು ಶ್ರೀಲಂಕಾದ ದಾರಿ ಹಿಡಿದು ಬರುತ್ತದೆಂದು ಮಲೆನಾಡಿನ ಬೆಳೆಗಾರರು ಕೂಗೆಬ್ಬಿಸಿದ ಮೇಲೆ, 2017ರ ಡಿಸೆಂಬರ್‌ನಲ್ಲಿ ಭಾರತ ಸರ್ಕಾರ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು. ಹೀಗಾಗಿ ಈ ದೇಶದ ನಾಯಕರ ನಿರ್ಧಾರಗಳ ಬಿಸಿ ನಿಮ್ಮ ಮನೆಗೆ ನೀವು ಇಲ್ಲಿಗೆ ಬರುವ ಮುಂಚೆಯೇ ತಟ್ಟಿದೆ. ತಂದೆಯವರಿಗೆ ಈ ಮಾತನ್ನು ನೀವು ಹೇಳದಿದ್ದರೂ ಚಿಂತೆಯಿಲ್ಲ.

ಲಿನ್ ಅವರ ನಂತರದ ಮೂವರು ಪ್ರಧಾನ ಕಾರ್ಯದರ್ಶಿಗಳನ್ನು ಬೇಗ ದಾಟುತ್ತೇನೆ. ದೊ ಮುವೊಯಿ ಅವರ ಕಾಲದಲ್ಲಿ, 1994ರಲ್ಲಿ ಅಮೆರಿಕದ ನಿರ್ಬಂಧ ತೆರವಾಯಿತು, 1995ರಲ್ಲಿ ದೇಶ ಆಗ್ನೇಯ ಏಷ್ಯಾದ ದೇಶಗಳ ಒಕ್ಕೂಟವಾದ ಆಸಿಯಾನ್ ಸೇರಿತು. ಆ ವರ್ಷದ ಜನವರಿಯಿಂದ ಪಟಾಕಿ ನಿಷೇಧವಾಯಿತು, ತಲೆಮಾರುಗಳಿಂದ ಪಟಾಕಿಯಿಲ್ಲದೆ ಹೊಸ ವರ್ಷ ಕಾಣದ ಜನ ಒಂದೇ ಟೆಟ್‌ನಲ್ಲಿ, ಅಂದರೆ ಒಂದೇ ಹೊಸ ವರ್ಷದ ಹಬ್ಬದಲ್ಲಿ, ಅದನ್ನು ಬಿಟ್ಟರು. ಲೆ ಖಾ ಫಿಯೂ ಅವರ ಅವಧಿಯಲ್ಲಿ ಬಂದ ಉದ್ಯಮ ಕಾಯಿದೆ 2000ದಿಂದ ಜಾರಿಯಾಗಿ, ಕಂಪನಿ ತೆರೆಯುವುದು ಕೃಪೆಯಿಂದ ಹಕ್ಕಾಯಿತು. ನಾಂಗ್ ದುಕ್ ಮಾನ್ ಅವರ ಅವಧಿಯಲ್ಲಿ 2007ರ ಜನವರಿಯಲ್ಲಿ ವಿಶ್ವ ವಾಣಿಜ್ಯ ಸಂಸ್ಥೆಗೆ ಸೇರ್ಪಡೆಯಾಯಿತು, ಅದೇ ಡಿಸೆಂಬರ್ 15ರಿಂದ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯವಾಯಿತು. ಹಿಂದಿನ ದಿನದವರೆಗೆ ಬರಿತಲೆಯಲ್ಲಿ ಓಡಾಡುತ್ತಿದ್ದ ನಗರ ಮರುಬೆಳಿಗ್ಗೆ ಹೆಲ್ಮೆಟ್ ತೊಟ್ಟು ಹೊರಬಿತ್ತೆಂದು ಕಂಡವರೆಲ್ಲರೂ ಹೇಳುತ್ತಾರೆ. ಬೆಂಗಳೂರಿನಲ್ಲಿ ಹೆಲ್ಮೆಟ್ ನಿಯಮ ಎಷ್ಟು ಸಲ ಬಂದು ಎಷ್ಟು ಸಲ ಹೋಯಿತೆಂಬುದನ್ನು ಬಲ್ಲ ನಾನು, ಇಲ್ಲಿ ಸರ್ಕಾರ ನಿಜವಾಗಿ ಮನಸ್ಸು ಮಾಡಿದ ನಿಯಮಕ್ಕೂ ಕಾಗದದಲ್ಲೇ ಮಲಗಿರುವ ನಿಯಮಕ್ಕೂ ಇರುವ ಅಂತರವನ್ನು ಗುರುತಿಸಲು ಕಲಿತದ್ದು ಈ ಕತೆ ಕೇಳಿದ ಮೇಲೆ.

ಟ್ರಾಂಗ್ ಅವರು 2011ರಿಂದ ಸಾಯುವವರೆಗೂ ಆ ಸ್ಥಾನದಲ್ಲಿದ್ದರು. ಮೊದಲ ಐದು ವರ್ಷ ಪ್ರಧಾನಿ ನುಯೆನ್ ತನ್ ಜುಂಗ್ ಅವರ ಪ್ರಭಾವವೇ ಹೆಚ್ಚು ಎಂಬಂತಿತ್ತು. 2016ರ ಮಹಾಧಿವೇಶನದ ನಂತರ ಭ್ರಷ್ಟಾಚಾರದ ವಿರುದ್ಧದ ಕಾರ್ಯಾಚರಣೆ ಬಿರುಸಾಯಿತು, ಅದಕ್ಕೆ ಜನರ ಬಾಯಲ್ಲಿ ‘ಕುಲುಮೆ’ ಎಂಬ ಹೆಸರು. ಈ ನಗರದ ಪಕ್ಷದ ಮುಖ್ಯಸ್ಥರೂ ಪಕ್ಷದ ಉನ್ನತ ಸಮಿತಿಯಾದ ಪಾಲಿಟ್‌ಬ್ಯೂರೋದ ಸದಸ್ಯರೂ ಆಗಿದ್ದ ದಿನ್ ಲಾ ಥಾಂಗ್ ಅವರೇ 2017ರಲ್ಲಿ ಬಂಧನಕ್ಕೊಳಗಾಗಿ ಮರುವರ್ಷ ಜೈಲಿಗೆ ಹೋದರು. ಅದಕ್ಕೆ ಮುಂಚೆ ನಾನು ಕಂಡಿದ್ದ ಸೈಗಾನಿನಲ್ಲಿ ಸಂಚಾರ ಪೊಲೀಸರಿಗೆ ‘ಕಾಫಿ ದುಡ್ಡು’ ಕೊಟ್ಟು ಹೊರಡುವುದು, ಪರವಾನಗಿಯ ಅರ್ಜಿಯೊಳಗೆ ಲಕೋಟೆ ಇಡುವುದು ಯಾರೂ ಮರೆಮಾಚದ ವ್ಯವಹಾರವಾಗಿತ್ತು. ಕುಲುಮೆ ಹೊತ್ತಿದ ಮೇಲೆ ಲಕೋಟೆ ತೆಗೆದುಕೊಳ್ಳುವ ಕೈಗಳು ಕಡಿಮೆಯಾದವು. ಜೊತೆಗೇ ಸಹಿ ಹಾಕುವ ಕೈಗಳೂ ಕಡಿಮೆಯಾದವು.

ಈ ಎರಡನೆಯದನ್ನು ಪತ್ರಿಕೆಗಳು ಅಷ್ಟಾಗಿ ಬರೆಯುವುದಿಲ್ಲ, ನೆಲೆಸಿದವರಿಗೆ ಮಾತ್ರ ಗೊತ್ತಾಗುತ್ತದೆ. ಕೋವಿಡ್ ಪರೀಕ್ಷಾ ಕಿಟ್‌ಗಳ ಹಗರಣದಲ್ಲಿ ಸಾಲುಸಾಲಾಗಿ ಅಧಿಕಾರಿಗಳು ಸಿಕ್ಕಿಬಿದ್ದ ಮೇಲೆ, 2022ರಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿ ಮತ್ತು ಸಲಕರಣೆಗಳ ಕೊರತೆ ಉಂಟಾಯಿತು, ಏಕೆಂದರೆ ಖರೀದಿಯ ಕಾಗದಕ್ಕೆ ಸಹಿ ಮಾಡಲು ಯಾರೂ ಮುಂದೆ ಬರುತ್ತಿರಲಿಲ್ಲ. ಅದೇ ವರ್ಷದ ಕೊನೆಯಿಂದ ವಾಹನ ತಪಾಸಣಾ ಕೇಂದ್ರಗಳ ಲಂಚದ ತನಿಖೆ ಶುರುವಾಗಿ, ಹಲವಾರು ಕೇಂದ್ರಗಳ ಸಿಬ್ಬಂದಿ ಬಂಧನಕ್ಕೊಳಗಾಗಿ ಕೇಂದ್ರಗಳೇ ಮುಚ್ಚಿದವು. 2023ರ ಮೊದಲ ತಿಂಗಳುಗಳಲ್ಲಿ ಉಳಿದ ಕೇಂದ್ರಗಳ ಮುಂದೆ ಕಾರು, ಲಾರಿಗಳು ರಾತ್ರಿಯಿಂದಲೇ ಸಾಲು ನಿಂತಿದ್ದವು. ನಮ್ಮ ಗೋದಾಮಿನ ಲಾರಿ ಚಾಲಕ ಚಾಪೆ, ಸೊಳ್ಳೆಪರದೆ, ಥರ್ಮಾಸ್‌ನಲ್ಲಿ ಐಸ್ ಕಾಫಿ ಎಲ್ಲವನ್ನೂ ಹೊಂದಿಸಿಕೊಂಡು ಹೋಗಿ ಲಾರಿಯ ಕೆಳಗೇ ಮಲಗಿದ್ದ. ಎಷ್ಟೋ ಮಂದಿಗೆ ಲಂಚದ ಕಾಲವೇ ಎಷ್ಟೋ ವಾಸಿ ಎನಿಸಿದ್ದು ಆಗ. ನನಗೆ ಹಾಗೆನಿಸಲಿಲ್ಲ, ಆದರೆ ನನ್ನ ಮೆಣಸಿನ ಚೀಲಗಳು ಬಂದರಿಗೆ ತಡವಾಗಿ ಹೋದವು ಎಂಬುದು ನಿಜ.

ಟ್ರಾಂಗ್ ಅವರ ಕಾಲದ ಇನ್ನೊಂದು ಗುರುತು 2020ರ ಜನವರಿ 1ರಿಂದ ಜಾರಿಯಾದ ಆದೇಶ 100. ವಾಹನ ಓಡಿಸುವವರ ರಕ್ತದಲ್ಲಿ ಮದ್ಯದ ಅಂಶ ಎಳ್ಳಷ್ಟಿದ್ದರೂ ದಂಡ ಹಾಕುವ ಆದೇಶ ಅದು. ಸಂಜೆಯಾದರೆ ಫುಟ್‌ಪಾತಿನ ಪುಟ್ಟ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಬಿಯರ್ ಹಿಡಿದು ಕೂರುವುದೇ ಸಾಮಾಜಿಕ ಜೀವನವಾಗಿದ್ದ ಊರಿನಲ್ಲಿ ಆ ಟೆಟ್ ಹಬ್ಬದ ಮುಂದೆ ಬಿಯರ್ ಅಂಗಡಿಗಳು ಖಾಲಿ ಹೊಡೆದವು. ನಂತರ ಅಂಗಡಿಯವರೇ ಗಿರಾಕಿಗಳನ್ನು ಬೈಕ್ ಸಮೇತ ಮನೆಗೆ ಬಿಡುವ ಏರ್ಪಾಟು ಮಾಡಿಕೊಂಡರು.

2021ರ ಕೋವಿಡ್ ದಿನಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು, ಏಕೆಂದರೆ ಈ ರಾಜ್ಯಯಂತ್ರದ ಕೈ ಎಷ್ಟು ಉದ್ದವೆಂಬುದು ಆಗ ಗೊತ್ತಾಯಿತು. ಜುಲೈನಿಂದ ಸೆಪ್ಟೆಂಬರ್ ಕೊನೆಯವರೆಗೆ ನಗರ ಮುಚ್ಚಿತ್ತು. ಆಗಸ್ಟ್ 23ರ ನಂತರ ಮನೆಯಿಂದ ಹೊರಗೆ ಕಾಲಿಡುವಂತಿರಲಿಲ್ಲ, ಸೈನಿಕರು ತರಕಾರಿ ಹಂಚಿದರು. ಓಣಿಯ ಬಾಯಿಗೆ ತಡೆಗೋಡೆ, ಅದರ ಬಳಿ ನೆರೆಹೊರೆಯ ಗುಂಪಿನ ಮುಖ್ಯಸ್ಥ, ಅವರ ಕೈಯಲ್ಲಿ ಒಂದು ನೋಟ್‌ಬುಕ್ಕು. ಪ್ರತಿ ಮನೆಯಲ್ಲಿ ಎಷ್ಟು ಜನ, ಎಷ್ಟು ವಯಸ್ಸು, ಯಾರಿಗೆ ಲಸಿಕೆ ಆಗಿದೆ ಎಂಬುದರ ಜೊತೆಗೆ ‘ಮೂರನೆಯ ಮಹಡಿಯ ಭಾರತೀಯರು, ಮಾಂಸ ತಿನ್ನುವುದಿಲ್ಲ’ ಎಂಬುದೂ ಅದರಲ್ಲಿ ಬರೆದಿತ್ತು. ನಮ್ಮ ಪಾಲಿಗೆ ಮೀನಿನ ಡಬ್ಬಿಯ ಬದಲು ಎರಡು ಕುಂಬಳಕಾಯಿ ಬಂದವು. ಆ ನೋಟ್‌ಬುಕ್ಕಿನಿಂದ ನನಗೆ ಊಟವೂ ಸಿಕ್ಕಿತು, ನನ್ನ ಬಗ್ಗೆ ಇವರಿಗೆ ಇಷ್ಟೆಲ್ಲ ಗೊತ್ತಿದೆಯೇ ಎಂಬ ಅಳುಕೂ ಹುಟ್ಟಿತು. ಇಲ್ಲಿ ಬದುಕುವವರು ಈ ಎರಡನ್ನೂ ಒಟ್ಟಿಗೇ ಒಪ್ಪಿಕೊಳ್ಳಬೇಕಾಗುತ್ತದೆ.

ಟೊ ಲಾಮ್ ಅವರು ಪ್ರಧಾನ ಕಾರ್ಯದರ್ಶಿಯಾಗುವ ಮುಂಚೆ ಎಂಟು ವರ್ಷ ಪೊಲೀಸ್ ಖಾತೆಯ ಸಚಿವರಾಗಿದ್ದವರು. ಆ ನೋಟ್‌ಬುಕ್ಕು ಮೊಬೈಲ್ ಫೋನಿನೊಳಗೆ ಬಂದದ್ದು ಆ ಖಾತೆಯ ಕೆಲಸದಿಂದಲೇ. ಮನೆಮಂದಿಯ ಹೆಸರಿರುವ ಕಾಗದದ ಪುಸ್ತಕ 2023ರ ಜನವರಿಯಿಂದ ರದ್ದಾಗಿ, ಚಿಪ್ ಇರುವ ಗುರುತಿನ ಚೀಟಿ ಮತ್ತು ವಿಎನ್‌ಇಐಡಿ ಎಂಬ ಆ್ಯಪ್ ಅದರ ಜಾಗಕ್ಕೆ ಬಂದವು. 2025ರ ಜುಲೈನಿಂದ ವಾಸದ ಕಾರ್ಡ್ ಇರುವ ವಿದೇಶಿಯರಿಗೂ ಆ ಆ್ಯಪ್ ತೆರೆಯಿತು. ಚಾಲನಾ ಪರವಾನಗಿ ಕೊಡುವ ಕೆಲಸ ಕೂಡ ಅದೇ ವರ್ಷ ಸಾರಿಗೆ ಇಲಾಖೆಯಿಂದ ಪೊಲೀಸರ ಕೈಗೆ ಹೋಯಿತು.

ಟೊ ಲಾಮ್ ಅವರ ಕಾಲದ ವಿಶೇಷವೆಂದರೆ ವೇಗ. ಟ್ರಾಂಗ್ ಅವರ ಕಾಲದಲ್ಲಿ ಕಾಗದ ಮೇಜಿನ ಮೇಲೆ ಮಲಗುತ್ತಿತ್ತು, ಈಗ ನೀವು ಬೆಳಿಗ್ಗೆ ಎದ್ದು ನೋಡಿದರೆ ಆ ಮೇಜೇ ಇರುವುದಿಲ್ಲ. 2025ರ ಜನವರಿ 1ರಂದು ಆದೇಶ 168 ಜಾರಿಯಾಯಿತು. ಬೈಕಿನಲ್ಲಿ ಕೆಂಪು ದೀಪ ದಾಟಿದರೆ ಹಿಂದೆ ಹತ್ತು ಲಕ್ಷ ದಾಂಗ್‌ನೊಳಗೆ ಮುಗಿಯುತ್ತಿದ್ದ ದಂಡ 40ರಿಂದ 60 ಲಕ್ಷ ದಾಂಗ್‌ಗೆ ಏರಿತು. ಆಗ ಈ ನಗರದ ಕನಿಷ್ಠ ವೇತನ ತಿಂಗಳಿಗೆ 49.6 ಲಕ್ಷ ದಾಂಗ್, ಅಂದರೆ ಒಂದು ದೀಪಕ್ಕೆ ಒಂದು ತಿಂಗಳ ಸಂಬಳ. ದಟ್ಟಣೆಯಾದಾಗ ಫುಟ್‌ಪಾತಿಗೆ ಏರಿ ನುಗ್ಗುವುದು ಸೈಗಾನಿನ ಸಹಜ ಧರ್ಮವಾಗಿತ್ತು, ಅದಕ್ಕೂ ಅಷ್ಟೇ ದಂಡ. ಟೆಟ್ ಹಬ್ಬದ ಮುಂಚಿನ ಆ ವಾರಗಳಲ್ಲಿ ಎಲ್ಲರೂ ಗೆರೆಯ ಹಿಂದೆ ಅಲುಗಾಡದೆ ನಿಂತು, ಅಡ್ಡರಸ್ತೆಗಳೆಲ್ಲ ಕಟ್ಟಿಕೊಂಡು, ಕಚೇರಿಗೆ ಅರ್ಧ ಗಂಟೆಯಲ್ಲಿ ತಲುಪುತ್ತಿದ್ದವರಿಗೆ ಒಂದೂವರೆ ಗಂಟೆ ಹಿಡಿಯಿತು. ಆಮೇಲೆ ಕೂಡುರಸ್ತೆಗಳಲ್ಲಿ ಬಲಕ್ಕೆ ತಿರುಗಲು ಅನುಮತಿಸುವ ಬಾಣದ ಗುರುತಿನ ಪುಟ್ಟ ದೀಪಗಳನ್ನು ತರಾತುರಿಯಲ್ಲಿ ಹಾಕಿದರು. ಪರವಾನಗಿಗೆ 12 ಅಂಕಗಳ ಪದ್ಧತಿಯೂ ಅಂದಿನಿಂದಲೇ ಶುರುವಾಗಿದೆ, ತಪ್ಪಿಗೆ ತಕ್ಕಂತೆ ಅಂಕ ಕಳೆಯುತ್ತಾರೆ.

ಅದೇ ವರ್ಷದ ಜುಲೈ 1ರಂದು 63 ಪ್ರಾಂತಗಳು 34 ಆದವು. ಜಿಲ್ಲೆ ಎಂಬ ಮಧ್ಯದ ಹಂತವನ್ನೇ ದೇಶದಾದ್ಯಂತ ತೆಗೆದುಹಾಕಿದರು. ಪಕ್ಕದ ಬಿನ್ ಜುವೊಂಗ್ ಮತ್ತು ಬಾ ರಿಯಾ-ವುಂಗ್ ತಾವ್ ಪ್ರಾಂತಗಳು ಈ ನಗರದೊಳಗೆ ಸೇರಿ, ಸಮುದ್ರ ತೀರವೂ ಕಾರ್ಖಾನೆ ಪ್ರದೇಶವೂ ಹೋ ಚಿ ಮಿನ್ ನಗರವೇ ಆದವು. ಒಂದನೆಯ ಜಿಲ್ಲೆ, ಮೂರನೆಯ ಜಿಲ್ಲೆ ಎಂದು ನೀವು ನಕ್ಷೆಯಲ್ಲಿ ನೋಡಿಕೊಂಡಿರುವ ಹೆಸರುಗಳು ಆಡಳಿತದಲ್ಲಿ ಈಗ ಇಲ್ಲ, ಜನರ ಬಾಯಲ್ಲಿ ಮಾತ್ರ ಇವೆ. 1976ರಲ್ಲಿ ಅಧಿಕೃತವಾಗಿ ಅಳಿಸಿದ ‘ಸೈಗಾನ್’ ಎಂಬ ಹೆಸರು ಈ ಹೊಸ ವಿಂಗಡಣೆಯಲ್ಲಿ ನಗರದ ನಡುಭಾಗದ ಒಂದು ವಾರ್ಡಿನ ಹೆಸರಾಗಿ ಮರಳಿ ಬಂದದ್ದನ್ನು ಕಂಡು ನಮ್ಮ ಮನೆಯೊಡತಿ ಫಲಕದ ಫೋಟೋ ತೆಗೆದು ಅಮೆರಿಕದಲ್ಲಿರುವ ತಂಗಿಗೆ ಕಳಿಸಿದರು. ಇಷ್ಟು ದೊಡ್ಡ ಬದಲಾವಣೆಗೆ ಮೊದಲ ಸುಳಿವು ಸಿಕ್ಕಿದ್ದರಿಂದ ಜಾರಿಯಾಗುವವರೆಗೆ ವರ್ಷವೂ ಹಿಡಿಯಲಿಲ್ಲ. ಬಹಳಷ್ಟು ಸರ್ಕಾರಿ ನೌಕರರು ಹುದ್ದೆ ಕಳೆದುಕೊಂಡರು. ಹೊಸ ವಾರ್ಡ್ ಕಚೇರಿಗಳಲ್ಲಿ ಮೊದಲ ತಿಂಗಳುಗಳಲ್ಲಿ ಯಾವ ಮೇಜಿಗೆ ಯಾವ ಕೆಲಸವೆಂಬುದು ಕುಳಿತವರಿಗೇ ತಿಳಿದಿರಲಿಲ್ಲ. ಆದರೂ ಒಮ್ಮೆ ಸರಿಹೊಂದಿದ ಮೇಲೆ, ಹಿಂದೆ ಎರಡು ಕಚೇರಿ ಸುತ್ತಬೇಕಿದ್ದ ಕೆಲಸ ಒಂದರಲ್ಲೇ ಮುಗಿಯುತ್ತಿದೆ ಎಂಬುದನ್ನು ನಾನು ಒಪ್ಪಿಕೊಳ್ಳಬೇಕು.

ಸಣ್ಣ ಅಂಗಡಿಯವರಿಗೆ ಪೆಟ್ಟು ಬೇರೆ ಕಡೆಯಿಂದ ಬಿತ್ತು. ಕೋವಿಡ್ ನಂತರ ಇಲ್ಲಿ ತೆಂಗಿನಕಾಯಿ ಮಾರುವವರೂ ಕ್ಯೂಆರ್ ಚೀಟಿ ಅಂಟಿಸಿಕೊಂಡಿದ್ದರು. 2025ರ ಜೂನ್ 1ರಿಂದ, ವರ್ಷಕ್ಕೆ ನೂರು ಕೋಟಿ ದಾಂಗ್‌ಗಿಂತ ಹೆಚ್ಚು ವಹಿವಾಟಿರುವ ಅಂಗಡಿ, ಹೋಟೆಲುಗಳು ತೆರಿಗೆ ಇಲಾಖೆಗೆ ಜೋಡಿಸಿದ ಯಂತ್ರದಿಂದಲೇ ಬಿಲ್ಲು ಕೊಡಬೇಕೆಂಬ ನಿಯಮ ಬಂತು. ನೂರು ಕೋಟಿ ಎಂದರೆ ಬೆಚ್ಚಬೇಡಿ, ನಮ್ಮ ಲೆಕ್ಕದಲ್ಲಿ ಅದು ಮೂವತ್ತು ಚಿಲ್ಲರೆ ಲಕ್ಷ ರೂಪಾಯಿ. ರಾತ್ರಿ ಬೆಳಗಾಗುವುದರೊಳಗೆ ಕ್ಯೂಆರ್ ಚೀಟಿಗಳು ಮಾಯವಾಗಿ ‘ನಗದು ಮಾತ್ರ’ ಎಂಬ ಬರಹಗಳು ಮೇಲೆದ್ದವು. ಅದೇ ವಾರಗಳಲ್ಲಿ ನಕಲಿ ಸರಕಿನ ಮೇಲೆ ದಾಳಿಗಳಾಗಿ ಪೇಟೆಗಳಲ್ಲಿ ಸಾಲುಸಾಲು ಮಳಿಗೆಗಳು ಬಾಗಿಲು ಎಳೆದುಕೊಂಡವು. ಖಾಸಗಿ ಉದ್ಯಮವೇ ದೇಶದ ಅರ್ಥವ್ಯವಸ್ಥೆಯ ಮುಖ್ಯ ಶಕ್ತಿ ಎಂದು ಪಕ್ಷ ಠರಾವು ಮಾಡಿದ್ದು ಕೂಡ ಆ ಮೇ ತಿಂಗಳಲ್ಲೇ ಎಂಬುದು ಗಮನಿಸತಕ್ಕದ್ದು. ಬಾಗಿಲಿಗೆ ಮುದ್ರೆ ಹಾಕಿದ ಕಾಲ ಕಂಡ ಮನೆಯೊಡತಿಗೆ ಇದೆಲ್ಲ ಆತಂಕ ತರಲಿಲ್ಲ. ಈಗ ಸರಕು ಕೊಂಡೊಯ್ಯುವುದಿಲ್ಲ, ಬಿಲ್ಲು ಕೇಳುತ್ತಾರೆ ಅಷ್ಟೆ ಎಂದರು.

ಯಾವ ನಾಯಕರ ಕಾಲದಲ್ಲೂ ಬದಲಾಗದ ಒಂದು ಸಂಗತಿಯನ್ನು ಮುಚ್ಚಿಡದೆ ಹೇಳುತ್ತೇನೆ. ಪಕ್ಷವನ್ನೂ ನಾಯಕರನ್ನೂ ಬಹಿರಂಗವಾಗಿ ಟೀಕಿಸುವ ಅವಕಾಶ ಇಲ್ಲಿಲ್ಲ. ಫೇಸ್‌ಬುಕ್ ನಿಷೇಧವಾಗಿಲ್ಲ, ಎಲ್ಲರೂ ಬಳಸುತ್ತಾರೆ, ಆದರೆ 2024ರ ಕೊನೆಯಿಂದ ಫೋನ್ ಸಂಖ್ಯೆಯ ಮೂಲಕ ಗುರುತು ದೃಢಪಡಿಸದ ಖಾತೆಯಿಂದ ಅಲ್ಲಿ ಬರೆಯುವಂತಿಲ್ಲ. ದಂಡ ಸಂಹಿತೆಯ 331ನೆಯ ವಿಧಿ ‘ಪ್ರಜಾಸತ್ತಾತ್ಮಕ ಸ್ವಾತಂತ್ರ್ಯಗಳ ದುರುಪಯೋಗ’ಕ್ಕೆ ಏಳು ವರ್ಷದವರೆಗೆ ಶಿಕ್ಷೆ ಹೇಳುತ್ತದೆ. ಬೆಲೆ, ರಸ್ತೆಗುಂಡಿ, ಕಚೇರಿಯ ವಿಳಂಬ ಇವುಗಳ ಬಗ್ಗೆ ಜನ ಧಾರಾಳವಾಗಿ ಗೊಣಗುತ್ತಾರೆ, ಹೊಸ ಆದೇಶಗಳನ್ನು ಲೇವಡಿ ಮಾಡುತ್ತಾರೆ. ಗೆರೆ ಎಲ್ಲಿದೆ ಎಂಬುದು ಅವರಿಗೆ ಗೊತ್ತು. ನಿಮಗೆ ಗೊತ್ತಿರುವುದಿಲ್ಲ, ಆದ್ದರಿಂದ ಇಲ್ಲಿನ ರಾಜಕೀಯವನ್ನು ಕನ್ನಡದಲ್ಲಿ ಬರೆದರೆ ಯಾರಿಗೆ ತಿಳಿದೀತು ಎಂಬ ಧೈರ್ಯವನ್ನೂ ಮಾಡಬೇಡಿ. ಊರಿನ ರಾಜಕೀಯದ ಬಗ್ಗೆ ಸಂಜೆಯಿಡೀ ಜಗಳವಾಡುವ ನಮ್ಮಂತಹವರಿಗೆ ಈ ಮೌನ ಅಭ್ಯಾಸವಾಗಲು ಸಮಯ ಹಿಡಿಯುತ್ತದೆ, ಕೆಲವರಿಗೆ ಅಭ್ಯಾಸವಾಗುವುದೇ ಇಲ್ಲ. ಅಂಥವರು ವಾಪಸು ಹೋಗಿದ್ದಾರೆ, ಅವರನ್ನು ನಾನು ದೂರುವುದಿಲ್ಲ.

ಇನ್ನು ಸಂಸಾರದ ವಿಷಯ. ಕರೆದುಕೊಂಡು ಬನ್ನಿ, ಆದರೆ ಜೊತೆಯಲ್ಲೇ ಅಲ್ಲ. ಮೊದಲು ನೀವು ಬಂದು ಕೆಲಸದ ಪರವಾನಗಿ ಮತ್ತು ತಾತ್ಕಾಲಿಕ ವಾಸದ ಕಾರ್ಡ್ ಮಾಡಿಸಿಕೊಳ್ಳಿ, ಅದರ ಆಧಾರದ ಮೇಲೆ ಅವರಿಗೆ ಅವಲಂಬಿತರ ಕಾರ್ಡ್ ಸಿಗುತ್ತದೆ. ಆ ಕಾರ್ಡಿನ ಮೇಲೆ ನಿಮ್ಮ ಹೆಂಡತಿ ಉದ್ಯೋಗ ಮಾಡುವಂತಿಲ್ಲ, ಮಾಡಬೇಕೆಂದರೆ ಅವರಿಗೂ ಪ್ರತ್ಯೇಕ ಪರವಾನಗಿ ಬೇಕು. 2025-26ರ ಶಾಲಾ ವರ್ಷದಿಂದ ಸರ್ಕಾರಿ ಶಾಲೆಗಳಲ್ಲಿ ಬೋಧನಾ ಶುಲ್ಕವಿಲ್ಲ ಎಂಬ ಸುದ್ದಿಯನ್ನು ನೀವು ಓದಿರಬಹುದು, ಅದು ಇಲ್ಲಿನ ಪ್ರಜೆಗಳಿಗೆ. ನಿಮ್ಮ ಮಗಳು ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಗೇ ಹೋಗಬೇಕಾಗುತ್ತದೆ, ಅದರ ಶುಲ್ಕ ಕೇಳಿದರೆ ಬೆಂಗಳೂರಿನ ಶಾಲೆಗಳು ಅಗ್ಗವೆನಿಸುತ್ತವೆ. ಆದ್ದರಿಂದ ಸಂಬಳದ ಮಾತುಕತೆಯಲ್ಲಿ ಅದನ್ನು ಈಗಲೇ ಸೇರಿಸಿ, ಬಂದ ಮೇಲೆ ಕೇಳಿದರೆ ಕಂಪನಿಯವರು ಕೊಡುವುದಿಲ್ಲ. ಸುರಕ್ಷತೆಯ ವಿಷಯದಲ್ಲಿ ತಂದೆಯವರು ನಿಶ್ಚಿಂತೆಯಿಂದಿರಬಹುದು, ರಾತ್ರಿ ಹತ್ತು ಗಂಟೆಗೆ ಹೆಂಗಸರು ಒಬ್ಬರೇ ನಡೆದು ಹೋಗುವ ಊರು ಇದು. ಬೈಕಿನಲ್ಲಿ ಬಂದು ಫೋನ್ ಕಿತ್ತುಕೊಂಡು ಹೋಗುವವರ ಬಗ್ಗೆ ಮಾತ್ರ ಎಚ್ಚರವಿರಲಿ.

ಕಾಗದಪತ್ರಗಳಲ್ಲಿ ಕೆಲವನ್ನು ಊರಿನಿಂದಲೇ ಸಿದ್ಧಮಾಡಿಕೊಂಡು ಬನ್ನಿ. ಪದವಿ ಪ್ರಮಾಣಪತ್ರಕ್ಕೂ ಮದುವೆಯ ನೋಂದಣಿಗೂ ಮಗಳ ಜನನ ಪ್ರಮಾಣಪತ್ರಕ್ಕೂ ವಿದೇಶಾಂಗ ಇಲಾಖೆಯ ದೃಢೀಕರಣ ಮತ್ತು ವಿಯೆಟ್ನಾಂ ರಾಯಭಾರ ಕಚೇರಿಯ ಮುದ್ರೆ ಹಾಕಿಸಿ. ಪೊಲೀಸ್ ದೃಢೀಕರಣ ಪತ್ರವನ್ನು ಹೊರಡುವ ಹೊತ್ತಿಗೆ ಹೊಸದಾಗಿ ಪಡೆಯಿರಿ, ಹಳೆಯದನ್ನು ಇಲ್ಲಿ ಒಪ್ಪುವುದಿಲ್ಲ. ಮನೆ ನೋಡುವಾಗ, ನಿಮ್ಮ ಹೆಸರನ್ನು ವಾರ್ಡ್ ಪೊಲೀಸರಲ್ಲಿ ತಾತ್ಕಾಲಿಕ ವಾಸಿಯೆಂದು ನಮೂದಿಸಲು ಒಪ್ಪದ ಮಾಲೀಕರ ಮನೆಯನ್ನು ಬಾಡಿಗೆ ಎಷ್ಟೇ ಕಡಿಮೆಯಿದ್ದರೂ ಹಿಡಿಯಬೇಡಿ. ಕರಾರುಪತ್ರದಲ್ಲಿ ಹಳೆಯ ಜಿಲ್ಲೆಯ ವಿಳಾಸ ಹಾಗೇ ಉಳಿದಿದ್ದರೆ 2025ರ ಜುಲೈ ನಂತರದ ಹೊಸ ವಾರ್ಡಿನ ಹೆಸರನ್ನು ಬರೆಸಿದ ಮೇಲೆಯೇ ಸಹಿ ಹಾಕಿ. ಎರಡು ವಿಳಾಸಗಳು ಹೊಂದಿಕೆಯಾಗದ ಕಾರಣಕ್ಕೆ ಕಳೆದ ವರ್ಷ ನಮ್ಮ ಪರಿಚಯದ ಒಬ್ಬರ ವಾಸದ ಕಾರ್ಡ್ ತಿಂಗಳುಗಟ್ಟಲೆ ತಡವಾಯಿತು.